ಅರ್ಧ ಸುತ್ತಿನ ಲೆಕ್ಕ

ಹೋದ ಭಾನುವಾರ ಉಡುಪಿಯಿಂದ ತೀರ್ಥಹಳ್ಳಿಗೆ ವಾಪಸ್ ಬರುವಾಗ, ಆಗುಂಬೆ ಘಾಟಿಯ ಆರನೇ ತಿರುವಿನಲ್ಲಿ ನಮ್ಮ 98ರ ಮಾರುತಿ 800 ಮಿಸ್ಸಿಂಗ್ ಹೊಡೆಯತೊಡಗಿತು. ಜೊತೆಗೆ ಟಿಕ್ ಟಿಕ್ ಸದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಜೋರು. "ಮೊನ್ನೆ ನೀವೇ ಅಲ್ವಾ ಪ್ಲಗ್ ಹಾಕಿದ್ದು?" ಅಂದಳು ಹೆಂಡತಿ. ಹದಿನಾಲ್ಕರಲ್ಲಿ ಇನ್ನೂ ಎಂಟು ತಿರುವು ಬಾಕಿ. ನಾನು ಮಾತಾಡಲಿಲ್ಲ.

ಮಾರನೇ ದಿನ ಬಾನೆಟ್ ಎತ್ತಿದರೆ ನಡುವಿನ ಸ್ಪಾರ್ಕ್ ಪ್ಲಗ್ಗಿನ (ಪೆಟ್ರೋಲಿಗೆ ಕಿಡಿ ಕೊಡುವುದು ಇದೇ) ಬುಡದಲ್ಲಿ ಕಪ್ಪು ಮಸಿ. ಬೆರಳಲ್ಲಿ ಹಿಡಿದರೆ ಬಾಟಲಿ ಮುಚ್ಚಳದ ಹಾಗೆ ತಿರುಗಿತು. ಆ ಸಂದಿಯಿಂದ ಗ್ಯಾಸ್ ನುಗ್ಗುತ್ತಿದ್ದದ್ದೇ ಟಿಕ್ ಟಿಕ್. ಬಿಚ್ಚಿ ನೋಡಿದರೆ ತುದಿಯ ಪಿಂಗಾಣಿ ಸುಣ್ಣದ ಬಿಳುಪಾಗಿತ್ತು. ಪ್ಲಗ್ಗಿನ ಶಾಖ ಥ್ರೆಡ್ಡು, ವಾಷರ್ ಮೂಲಕ ಹೆಡ್ಡಿಗೆ, ಅಂದರೆ ಪ್ಲಗ್ ಕೂರುವ ಇಂಜಿನ್ನಿನ ಮೇಲ್ಭಾಗಕ್ಕೆ, ಇಳಿಯಬೇಕು. ವಾಷರ್ ಸರಿಯಾಗಿ ಕೂರದಿದ್ದರೆ ಅದು ತನ್ನ ಬೆಂಕಿಯಲ್ಲಿ ತಾನೇ ಬೇಯುತ್ತದೆ.

ಸಡಿಲ ಬಿಟ್ಟಿದ್ದು ಸೋಮಾರಿತನದಿಂದಲ್ಲ, ಹೆದರಿಕೆಯಿಂದ. ಹತ್ತು ವರ್ಷದ ಹಿಂದೆ ಇದೇ ಕಾರಿಗೆ, ಇಂಜಿನ್ ಬಿಸಿ ಇರುವಾಗಲೇ, ಥ್ರೆಡ್ಡಿಗೆ ಗ್ರೀಸ್ ಸವರಿ, ಪಾನಾದ ಹಿಡಿಕೆಗೆ ಪೈಪು ತೂರಿಸಿ ಬಿಗಿದಿದ್ದೆ. ಗ್ರೀಸ್ ಇದ್ದರೆ ಅದೇ ಬಲಕ್ಕೆ ಇನ್ನಷ್ಟು ಬಿಗಿಯುತ್ತದೆ ಅನ್ನುವುದು ಆಗ ಯಾರಿಗೆ ಗೊತ್ತಿತ್ತು? ಪಾನಾ ಇದ್ದಕ್ಕಿದ್ದಂತೆ ಹಗುರಾಯಿತು. ಆ ಹಗುರ ಕೈಗೆ ತಾಗಿದವರಿಗೇ ಗೊತ್ತು, ಹೊಟ್ಟೆಯೊಳಗೆ ಐಸು ಇಟ್ಟಂತಾಗುತ್ತದೆ. ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು, ಥ್ರೆಡ್ ಹೋಗಿತ್ತು. ಹೆಡ್ ಇಳಿಸಿ ಲೇಥಿನವರ ಹತ್ತಿರ ಹೊಸ ಥ್ರೆಡ್ಡಿನ ಇನ್ಸರ್ಟ್ ಹಾಕಿಸಿದ ಖರ್ಚನ್ನು ಮನೆಯಲ್ಲಿ ಇವತ್ತಿಗೂ ಪೂರ್ತಿ ಹೇಳಿಲ್ಲ.

ಈ ಸಲ ತಣ್ಣಗಿನ ಇಂಜಿನ್, ಹೊಸ ಪ್ಲಗ್ಗುಗಳು, ಗ್ರೀಸ್ ಇಲ್ಲ. ವೈರು ಒಂದೊಂದೇ ಕಿತ್ತೆ, ಯಾಕೆಂದರೆ ಫೈರಿಂಗ್ ಆರ್ಡರ್, ಅಂದರೆ ಮೂರು ಸಿಲಿಂಡರಿಗೆ ಕಿಡಿ ಹೋಗುವ ಸರದಿ, 1-3-2, ಅದಲು ಬದಲಾದರೆ ಇನ್ನೊಂದು ರಾಮಾಯಣ. ಬಿಚ್ಚುವ ಮೊದಲು ಬುಡದ ಮಣ್ಣು ಊದಿ ತೆಗೆದೆ. ಹೊಸ ಪ್ಲಗ್ಗಿನ ತಲೆಗೆ ಒಂದು ಗೇಣು ಪೆಟ್ರೋಲ್ ಪೈಪಿನ ತುಂಡು ಸಿಕ್ಕಿಸಿ, ಅದನ್ನೇ ಹಿಡಿದು ತಿರುಗಿಸಿದೆ. ಥ್ರೆಡ್ ಅಡ್ಡ ಹಿಡಿದರೆ ರಬ್ಬರ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಪಾನಾಗೆ ಆ ದಾಕ್ಷಿಣ್ಯ ಇಲ್ಲ.

ಬೆರಳಿಗೆ ಪೂರ್ತಿ ಬಿಗಿಯಾದ ಮೇಲೆ ಪಾನಾ ಹಾಕಿ, ಹಿಡಿಕೆ ಇದ್ದ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದೆ. ವಾಷರ್ ಇರುವ 14 ಎಂಎಂ ಹೊಸ ಪ್ಲಗ್ಗಿಗೆ ಅಲ್ಲಿಂದ ಅರ್ಧ ಸುತ್ತು, ಹೆಚ್ಚೆಂದರೆ ಮೂರನೇ ಎರಡು. ಹಳೆಯದನ್ನೇ ಮತ್ತೆ ಹಾಕುವುದಾದರೆ ವಾಷರ್ ಮೊದಲೇ ಚಪ್ಪಟೆಯಾಗಿರುತ್ತದೆ, ಹನ್ನೆರಡನೇ ಒಂದು ಸುತ್ತು ಸಾಕು. ತಿರುಗಿಸುವಾಗ ವಾಷರ್ ಮೆಲ್ಲಗೆ ಕುಸಿಯುವುದು ಕೈಗೆ ತಿಳಿಯುತ್ತದೆ, ಹಪ್ಪಳದ ಹಿಟ್ಟು ಒತ್ತಿದ ಹಾಗೆ. ಟಾರ್ಕ್ ರೆಂಚ್ (ಬಿಗಿಯುವ ಬಲ ಅಳೆಯುವ ಪಾನಾ) ಇದ್ದವರಿಗೆ ಅಲ್ಯೂಮಿನಿಯಂ ಹೆಡ್ಡಿಗೆ 25ರಿಂದ 30 ನ್ಯೂಟನ್ ಮೀಟರ್. ಅಂದರೆ ಒಂದಡಿ ಹಿಡಿಕೆಯ ತುದಿಗೆ ಒಂಬತ್ತು ಕೆಜಿ ಅಕ್ಕಿ ಚೀಲ ನೇತು ಹಾಕಿದಷ್ಟು. ನನ್ನ ಪೈಪಿನ ಸಾಹಸದಲ್ಲಿ ಎಷ್ಟು ಚೀಲ ನೇತಾಡುತ್ತಿದ್ದವೋ!

ಸಂಜೆ ಸ್ಟಾರ್ಟ್ ಮಾಡಿ ಹೆಂಡತಿಯನ್ನು ಕರೆದೆ. ಬಾನೆಟ್ ಪಕ್ಕ ಕಿವಿಗೊಟ್ಟು ನಿಂತಳು.

"ಟಿಕ್ ಟಿಕ್ ಇಲ್ಲ," ಅಂದಳು. "ಆದ್ರೆ ಈ ಕಡೆ ಬೆಲ್ಟ್ ಕುಂಯ್ ಅಂತಿದೆ, ಕೇಳಿಸ್ತಾ?"