ತೋಡಿನ ಪಟ್ಟಿ ಕೊನೆಗೂ 30 ಮೀಟರಿಗೆ ಇಳಿಯಿತು

ನಿನ್ನೆ ರಾತ್ರಿ ಹನ್ನೊಂದಕ್ಕೆ ನಕ್ಷೆ ಸರಿಯಾಯಿತು! ಕೊಡಗಿನ ಮಾದಾಪುರದ ನಮ್ಮ ಕಾಫಿ ತೋಟದ ನಡುವೆ ಹರಿಯುವ ತೋಡಿನ (ಸಣ್ಣ ಹಳ್ಳದ) ಎರಡೂ ದಡದಲ್ಲಿ 30 ಮೀಟರ್ ಪಟ್ಟಿ ಗುರುತಿಸಬೇಕಿತ್ತು. ಮಳೆಗಾಲಕ್ಕೆ ಮುನ್ನ ಬೋರ್ಡೋ ದ್ರಾವಣ (ತಾಮ್ರದ ಶಿಲೀಂಧ್ರನಾಶಕ) ಸಿಂಪಡಿಸುವವರು ಆ ಗೆರೆಯೊಳಗೆ ಬರಬಾರದು ಎಂಬುದು ನನ್ನ ಹಟ. ತೋಡಿನುದ್ದಕ್ಕೂ ನಡೆದು ಜಿಪಿಎಸ್ ಬಿಂದು ತಂದದ್ದು, ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ಗೆ ಹಾಕಿ ಗೆರೆ ಎಳೆದದ್ದು ಹೆಚ್ಚು ಕಾಡಲಿಲ್ಲ.

ಕಾಡಿದ್ದು ಬಫರ್, ಅಂದರೆ ಗೆರೆಯ ಸುತ್ತ ಇಷ್ಟು ದೂರದ ಪಟ್ಟಿ ಬಿಡಿಸುವ ಆಜ್ಞೆ. ಅದನ್ನು ನಡೆಸಲು ಬರೆದ ಪೈಥಾನ್ ಪ್ರೋಗ್ರಾಮಿನಲ್ಲಿ ದೂರ 30 ಎಂದು ಕೊಟ್ಟರೆ ಪಟ್ಟಿ ಇಡೀ ಭಾರತವನ್ನೂ ಶ್ರೀಲಂಕಾವನ್ನೂ ನುಂಗಿ ಕುಳಿತಿತ್ತು. ಮೂರು ಸಂಜೆ ಎಪಿಐ ಕೈಪಿಡಿ, ಅಂದರೆ ತಂತ್ರಾಂಶದ ಫಂಕ್ಷನ್‌ಗಳ (ಸಿದ್ಧ ಆಜ್ಞೆಗಳ) ಪಟ್ಟಿ, ಓದಿದೆ. ಪ್ರತಿ ಫಂಕ್ಷನ್ನಿಗೂ ಅಲ್ಲಿ ವಿವರಣೆ ಇದೆ. ಅದನ್ನು ಕರೆಯುವ ಮುನ್ನ ಜನ ಏನೇನು ಮಾಡಿರುತ್ತಾರೆ ಎಂಬುದು ಇಲ್ಲ. ಹುಡುಕಿ ತೆಗೆದ ಮತ್ತೊಂದು ಬರಹ ರನ್‌ಆಲ್ಗ್ ಆಜ್ಞೆ ಬಳಸಲು ಹೇಳಿತು. 2018ರಲ್ಲಿ ಬಂದ ಕ್ಯೂಜಿಐಎಸ್ ಮೂರನೇ ಆವೃತ್ತಿಯಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ. ಇನ್ನೊಂದು ಸಂಜೆ ಹೋಯಿತು.

ಉತ್ತರ ಇದ್ದದ್ದು ಹೊಸಬರಿಗೆಂದು ನಾನು ಬದಿಗಿಟ್ಟಿದ್ದ ಕ್ಯೂಜಿಐಎಸ್ ಟ್ರೇನಿಂಗ್ ಮ್ಯಾನುಯಲ್‌ನಲ್ಲಿ. ದಕ್ಷಿಣ ಆಫ್ರಿಕಾದ ಸ್ವೆಲೆಂಡಮ್ ಊರಿನಲ್ಲಿ ಶಾಲೆಗೆ, ಮುಖ್ಯ ರಸ್ತೆಗೆ ಹತ್ತಿರದ ಮನೆ ಹುಡುಕುವ ಒಂದೇ ಕೆಲಸವನ್ನು ಅಲ್ಲಿ ಹೆಜ್ಜೆ ಹೆಜ್ಜೆಯಾಗಿ ಮಾಡಿಸುತ್ತಾರೆ. ಬಫರ್‌ಗೂ ಮೊದಲು ನಕ್ಷೆಯ ಪದರಗಳನ್ನು ಯುಟಿಎಂಗೆ, ಅಂದರೆ ಮೀಟರಿನಲ್ಲಿ ಅಳೆಯುವ ನಿರ್ದೇಶಾಂಕ ಪದ್ಧತಿಗೆ, ಬದಲಿಸುತ್ತಾರೆ. ನನಗೆ ತಪ್ಪಿಹೋಗಿದ್ದು ಆ ಒಂದು ಹೆಜ್ಜೆ. ನನ್ನ ಬಿಂದುಗಳು ಇದ್ದದ್ದು ಇಪಿಎಸ್‌ಜಿ 4326 ಎಂಬ ಸಂಕೇತದ ಅಕ್ಷಾಂಶ-ರೇಖಾಂಶ ಪದ್ಧತಿಯಲ್ಲಿ. ಅಲ್ಲಿ ಅಳತೆ ಡಿಗ್ರಿಯಲ್ಲಿ, ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿಲೋಮೀಟರ್. ನಾನು ಕೊಟ್ಟ 30 ಅಲ್ಲಿ 30 ಡಿಗ್ರಿ ಆಗಿಬಿಟ್ಟಿತ್ತು. ಕೊಡಗು ಬರುವುದು ಯುಟಿಎಂ 43 ಉತ್ತರ ವಲಯದಲ್ಲಿ. ಅದರ ಸಂಕೇತ 32643ಕ್ಕೆ ಬದಲಿಸಿ ಅದೇ 30 ಕೊಟ್ಟೆ, ಪಟ್ಟಿ ತೋಡಿನ ಅಂಕುಡೊಂಕಿಗೆ ಅಂಟಿಕೊಂಡಿತು.

ಇನ್ನು ಮುಂದೆ ಯಾವ ತಂತ್ರಾಂಶವಾದರೂ ಸರಿ, ಒಂದು ಊರಿನ ನಿಜವಾದ ದತ್ತಾಂಶದಿಂದ ಒಂದು ಪೂರ್ತಿ ಕೆಲಸ ಮಾಡಿಸುವ ದಾಖಲೆಯನ್ನು ಮೊದಲು ಹಿಡಿಯುತ್ತೇನೆ, ಅದೂ ನನ್ನ ಆವೃತ್ತಿಯದೇ ಎಂದು ನೋಡಿಕೊಂಡು. ಎಪಿಐ ಕೈಪಿಡಿಯ ಸರದಿ ಆಮೇಲೆ. ಯಾವ ಫಂಕ್ಷನ್ ಬೇಕೆಂದು ಗೊತ್ತಾದಾಗ ಅದರಷ್ಟು ನೆರವು ಬೇರೆಯದರಿಂದ ಸಿಗದು.

ಮುಂದಿನ ಕೆಲಸ ಅಜ್ಜನ ಮಳೆ ಪುಸ್ತಕ. ಎಲ್ಲವೂ ಇಂಚು, ಸೆಂಟ್ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಮೊದಲ ಪುಟ ತೆರೆದೆ: ಏಪ್ರಿಲ್, ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ), ಒಂದು ಇಂಚು ಹನ್ನೆರಡು ಸೆಂಟ್.