ಸೋಮವಾರ ಕಂಕುಳು, ಮಂಗಳವಾರ ಬಾಲ

ತುಮಕೂರಿನ ಬಟವಾಡಿಯಲ್ಲಿ ನನ್ನದೊಂದು ಚಿಕ್ಕ ಟೇಲರಿಂಗ್ ಅಂಗಡಿ ಇದೆ. ಬ್ಲೌಸ್ ಹೊಲಿಸೋಕೆ ಬಂದವರ ಕಣ್ಣು ಮೊದಲು ಹೋಗೋದು ಮೂಲೆಯ ಸ್ಟೂಲ್ ಕಡೆಗೆ. ಅಲ್ಲಿ ಸುಬ್ಬಿ ಮಲಗಿರುತ್ತಾಳೆ. ಪರ್ಷಿಯನ್ ಬೆಕ್ಕು, ಬೂದಿ ಬಣ್ಣ, ಒಂಬತ್ತು ವರ್ಷ. ಆಮೇಲೆ ಅದೇ ಪ್ರಶ್ನೆ: "ಅಕ್ಕಾ, ಇಷ್ಟುದ್ದ ಕೂದಲು ಹೆಂಗೆ ಬಾಚ್ತೀರಾ? ನಮ್ಮನೇದು ಬಾಚಣಿಗೆ ಕಂಡ್ರೆ ಮಂಚದ ಕೆಳಗೆ ಓಡುತ್ತೆ. ಹಿಡ್ಕೊಂಡ್ರೆ ಪರಚುತ್ತೆ."

ನನ್ನ ಉತ್ತರ ಕೇಳಿ ತುಂಬಾ ಜನ ನಗುತ್ತಾರೆ. ಸುಬ್ಬಿಯನ್ನು ನಾನು ಬಾಚೋದೇ ಇಲ್ಲ. ಸೋಮವಾರ ಅವಳ ಎಡಗಂಕುಳು ಬಾಚುತ್ತೇನೆ. ಮಂಗಳವಾರ ಬಾಲದ ಬುಡ. ಬುಧವಾರ ಕಿವಿಯ ಹಿಂಭಾಗ. ಒಂದೊಂದಕ್ಕೆ ಎರಡೇ ನಿಮಿಷ. ಅವಳು ನಮ್ಮನೆಗೆ ಬಂದು ಆರು ವರ್ಷವಾಯಿತು, ಇಡೀ ಬೆಕ್ಕನ್ನು ಒಂದೇ ದಿನ ಬಾಚಿ ಮುಗಿಸಿದ್ದು ಒಂದು ಸಲವೂ ಇಲ್ಲ.

ಮೊದಲು ನಾನೂ ಹೀಗಿರಲಿಲ್ಲ. ಭಾನುವಾರ ಬಂದರೆ ಸಾಕು, ಮಗಳು ಮುಂಗಾಲು ಹಿಡಿಯೋಳು, ನಾನು ಬಾಚೋಳು. ಮುಕ್ಕಾಲು ಗಂಟೆ ಯುದ್ಧ. ಮುಂದಿನ ಭಾನುವಾರ ನಾವು ಎದ್ದು ನಿಲ್ಲುವಷ್ಟರಲ್ಲೇ ಸುಬ್ಬಿ ಬೀರುವಿನ ಮೇಲೆ. ಸಿಕ್ಕು ಹಾಗೇ ಉಳೀತು. ಕಂಕುಳಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಂಟು ಕಟ್ಟಿತು.

ಇಪ್ಪತ್ತು ವರ್ಷ ಕತ್ತರಿ ಹಿಡಿದವಳು ನಾನು, ಒಂದು ಗಂಟು ಕತ್ತರಿಸೋಕೆ ಭಯವಾ? ಗಂಟನ್ನು ಎರಡು ಬೆರಳಲ್ಲಿ ಎತ್ತಿ, ಬುಡಕ್ಕೆ ಕತ್ತರಿ ಹಾಕಿದೆ. ಕಚಕ್ ಅಂತ ಬಂತು. ಕೂದಲು ಕತ್ತರಿಸಿದಾಗ ಆ ಸದ್ದು ಬರಲ್ಲ. ನೋಡಿದರೆ ಬಟ್ಟೆ ಸೀಳಿದ ಹಾಗೆ ಚರ್ಮ ಬಾಯಿ ಬಿಟ್ಟಿತ್ತು. ಬೆಕ್ಕಿನ ಚರ್ಮ ತುಂಬಾ ತೆಳು, ಸಡಿಲ. ಗಂಟನ್ನು ಎತ್ತಿದರೆ ಅದರ ಜೊತೆಗೇ ನೆರಿಗೆಯ ಹಾಗೆ ಮೇಲಕ್ಕೆ ಏಳುತ್ತೆ. ಎಲ್ಲಿಗೆ ಕೂದಲು ಮುಗಿದು ಎಲ್ಲಿಂದ ಚರ್ಮ ಶುರುವಾಯಿತು ಅಂತ ಕಣ್ಣಿಗೆ ಗೊತ್ತಾಗಲ್ಲ. ಡಾಕ್ಟರು ಮೂರು ಹೊಲಿಗೆ ಹಾಕಿದರು. ಚೆನ್ನಾಗೇ ಹಾಕಿದರು, ನಾನು ಹತ್ತಿರದಿಂದ ನೋಡಿದೆ. ಅವತ್ತಿಂದ ಬೆಕ್ಕಿನ ಹತ್ತಿರ ಕತ್ತರಿ ತರೋದಿಲ್ಲ. ನೀವೂ ತರಬೇಡಿ.

"ಬೆಕ್ಕು ತಾನೇ ನೆಕ್ಕಿ ಕ್ಲೀನ್ ಮಾಡ್ಕೊಳಲ್ವಾ?" ಅಂತ ಕೆಲವರು ಕೇಳುತ್ತಾರೆ. ಮಾಮೂಲಿ ಬೆಕ್ಕಾದರೆ ಹೌದು. ಅದರ ನಾಲಿಗೆ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ, ಅವೇ ಅದರ ಬಾಚಣಿಗೆ. ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು 2018ರಲ್ಲಿ ಈ ಮುಳ್ಳುಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಮುಳ್ಳಿನ ತುದಿ ಟೊಳ್ಳು, ಅದರಿಂದ ಎಂಜಲು ಕೂದಲ ಬುಡಕ್ಕೆ ಇಳಿಯುತ್ತೆ. ಆದರೆ ಪರ್ಷಿಯನ್ ಬೆಕ್ಕಿನ ಕೂದಲಿನ ಪದರ ಎಷ್ಟು ಒತ್ತಿದರೂ ದಪ್ಪವೇ, ಮುಳ್ಳು ಚರ್ಮದವರೆಗೆ ಮುಟ್ಟೋದೇ ಇಲ್ಲ. ಜೊತೆಗೆ ವಯಸ್ಸಾದ ಬೆಕ್ಕು, ದಪ್ಪಗಿರೋ ಬೆಕ್ಕು ಬೆನ್ನಿನ ತನಕ ತಿರುಗೋಕೂ ಆಗಲ್ಲ. ನಮ್ಮ ಸುಬ್ಬಿ ಎರಡೂ.

ಈಗ ನಾನು ಮಾಡೋ ರೀತಿ. ಹಲ್ಲು ದೂರದೂರ ಇರೋ ಸ್ಟೀಲ್ ಬಾಚಣಿಗೆ ಬೇಕು. ಮೇಲೆ ಮೇಲೆ ಸವರೋ ಬ್ರಷ್ ಬೇಡ, ಅದರಲ್ಲಿ ಮೇಲಿನ ಕೂದಲು ಮಿಂಚುತ್ತೆ, ಒಳಗೆ ಗಂಟು ಬೆಳೀತಾ ಇರುತ್ತೆ. ಮೊದಲ ವಾರ ಬಾಚಲೇ ಇಲ್ಲ. ಬಾಚಣಿಗೆಯನ್ನು ಅವಳ ಊಟದ ತಟ್ಟೆ ಪಕ್ಕ ಸುಮ್ನೆ ಇಡ್ತಿದ್ದೆ. ಅದರ ಹಲ್ಲಿಗೆ ಉಪ್ಪು, ಈರುಳ್ಳಿ ಹಾಕದೆ ಬೇಯಿಸಿದ ಕೋಳಿಯ ಒಂದು ಚೂರು ಸಿಕ್ಕಿಸಿ ಕೊಡ್ತಿದ್ದೆ. (ಈರುಳ್ಳಿ ಬೆಕ್ಕಿಗೆ ವಿಷ.) ಎರಡನೇ ವಾರ ಗಲ್ಲದ ಕೆಳಗೆ ಎರಡು ಸಲ ಎಳೆದು ಬಿಟ್ಟೆ, ಅಷ್ಟೇ. ಅಲ್ಲಿ ಬಾಚಿದರೆ ಅವಳಿಗೆ ಇಷ್ಟ.

ಹಿಡಿಯೋರು ಯಾರೂ ಬೇಡ. ಕಟಿಂಗ್ ಟೇಬಲ್ ಮೇಲೆ ಅವಳು ನನಗೆ ಬೆನ್ನು ಹಾಕಿ ನಿಂತಿರುತ್ತಾಳೆ. ಸಿಕ್ಕು ಬಂದರೆ ಎಡಗೈ ಬೆರಳಲ್ಲಿ ಗಂಟಿಗೂ ಚರ್ಮಕ್ಕೂ ನಡುವೆ ಕೂದಲನ್ನು ಬಿಗಿಯಾಗಿ ಹಿಡಿದು, ತುದಿಯಿಂದ ಬಿಡಿಸುತ್ತಾ ಬರುತ್ತೇನೆ. ಹಾಗೆ ಹಿಡಿದರೆ ಎಳೆತ ನನ್ನ ಬೆರಳಿಗೆ ಬೀಳುತ್ತೆ, ಅವಳ ಚರ್ಮಕ್ಕಲ್ಲ. ಜಾಸ್ತಿ ಗಟ್ಟಿ ಇದ್ದರೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ತಿಕ್ಕುತ್ತೇನೆ, ಜಾರುತ್ತೆ.

ಕಣ್ಣು ಮಾತ್ರ ಅವಳ ಬಾಲದ ತುದಿ ಮೇಲೆ. ತುದಿ ಪಟಪಟ ಅಂದರೆ, ಬೆನ್ನಿನ ಚರ್ಮ ನೊಣ ಕೂತ ಹಾಗೆ ಅದುರಿದರೆ, ಬಾಚಣಿಗೆ ಕೆಳಗೆ. ಗಂಟು ಅರ್ಧ ಬಿಟ್ಟಿದ್ದರೂ ಸರಿ. ಕಚ್ಚಿದ ಮೇಲೆ ನಿಲ್ಲಿಸಿದರೆ, ಕಚ್ಚಿದರೆ ಇವಳು ಬಿಡುತ್ತಾಳೆ ಅಂತ ಬೆಕ್ಕು ಕಲಿಯುತ್ತೆ. ಅದಕ್ಕೆ ಮುಂಚೇನೇ ನಿಲ್ಲಿಸಿಬಿಟ್ಟರೆ ನಾಳೆ ಮತ್ತೆ ಬರುತ್ತೆ.

ಇನ್ನು ಅಕ್ಕಪಕ್ಕದವರ ಸಲಹೆ. ನಮ್ಮ ಜಿಲ್ಲೆ ತೆಂಗಿನ ಸೀಮೆ, ಎಲ್ಲದಕ್ಕೂ ಕೊಬ್ಬರಿ ಎಣ್ಣೆಯೇ ಔಷಧಿ. ಬೆಕ್ಕಿಗೆ ಹಚ್ಚಿದರೆ ಧೂಳು ಮೆತ್ತಿಕೊಳ್ಳುತ್ತೆ, ನೆಕ್ಕಿ ನೆಕ್ಕಿ ಹೊಟ್ಟೆ ಕೆಡುತ್ತೆ. ಇನ್ನೊಬ್ಬರು ಸೀಗೆಕಾಯಿ ಹಾಕಿ ಸ್ನಾನ ಮಾಡಿಸು ಅಂದರು. ಗಂಟಿರೋ ಬೆಕ್ಕಿಗೆ ನೀರು ಹಾಕಲೇಬಾರದು. ಒದ್ದೆಯಾಗಿ ಒಣಗಿದ ಗಂಟು ಕಂಬಳಿಯ ಹಾಗೆ ಬಿಗಿಯುತ್ತೆ.

ಈಗಾಗಲೇ ಹೊಟ್ಟೆ ತುಂಬಾ ಕಂಬಳಿ ಆಗಿಹೋಗಿದ್ದರೆ ಬಾಚಣಿಗೆ ಎತ್ತಿಡಿ. ಪಶುವೈದ್ಯರ ಹತ್ತಿರ ಹೋಗಿ, ಅವರು ಮಂಪರು ಬರಿಸಿ ಮಿಷನ್‌ನಲ್ಲಿ ತೆಗೀತಾರೆ. ಅದರಲ್ಲಿ ನಾಚಿಕೆ ಏನಿಲ್ಲ. ಹಾಗೇ, ಇಷ್ಟು ದಿನ ಬಾಚಿಸಿಕೊಳ್ಳುತ್ತಿದ್ದ ಬೆಕ್ಕು ಇದ್ದಕ್ಕಿದ್ದ ಹಾಗೆ ಒಂದು ಜಾಗ ಮುಟ್ಟೋಕೆ ಬಿಡದಿದ್ದರೆ ಅಲ್ಲಿ ನೋವಿರಬಹುದು, ತೋರಿಸಿ. ಕಳೆದ ವರ್ಷ ಸುಬ್ಬಿ ಸೊಂಟ ಮುಟ್ಟಿದರೆ ಗುರ್ ಅನ್ನುತ್ತಿದ್ದಳು. ಹಟ ಅಂದುಕೊಂಡು ಬೈದೆ. ಕೀಲು ನೋವಂತೆ.

ನೀವು ಅಂಗಡಿಗೆ ಬಂದರೆ ಬಾಚಣಿಗೆ ತೋರಿಸುತ್ತೇನೆ. ಗುರುವಾರ ಮಾತ್ರ ಬರಬೇಡಿ, ಅವತ್ತು ಹಿಂಗಾಲಿನ ಸರದಿ, ಇಬ್ಬರ ಮೂಡೂ ಸರಿಯಿರಲ್ಲ.