ಅಲೆಯ ಸುದ್ದಿ ಬರುವ ಮೊದಲೇ ತೆಗೆದಿಡಬೇಕಾದ ಫೋಟೋ

2017ರ ಆಗಸ್ಟ್ 17ರ ಸಂಜೆ, ನಮ್ಮ ಗಡಿಯಾರದಲ್ಲಿ 6:11. ಎರಡು ನ್ಯೂಟ್ರಾನ್ ನಕ್ಷತ್ರಗಳ (ಸತ್ತ ನಕ್ಷತ್ರಗಳ ದಟ್ಟ ತಿರುಳು) ಡಿಕ್ಕಿಯಿಂದ ಎದ್ದ ಗುರುತ್ವದ ಅಲೆ, ಅಂಥ ಅಲೆಗಳನ್ನು ಪತ್ತೆಹಚ್ಚುವ ಅಮೆರಿಕದ ಲೈಗೋ ಯಂತ್ರಗಳಿಗೆ ತಾಗಿತು. ಡಿಕ್ಕಿ ನಡೆದ ಎನ್‌ಜಿಸಿ 4993 ಗೆಲಾಕ್ಸಿ ಆಗ ಕಾರವಾರದ ನೈಋತ್ಯಕ್ಕೇ ಇತ್ತು, ಮುಳುಗಿದ್ದು ಒಂಬತ್ತೂವರೆ ಹೊತ್ತಿಗೆ. ಎಲ್ಲಿ ಹುಡುಕಬೇಕೆಂದು ತೋರಿಸುವ 31 ಚದರ ಡಿಗ್ರಿಯ ನಕ್ಷೆ ಬಂದಿದ್ದು ರಾತ್ರಿ 11:24ಕ್ಕೆ. ಶ್ರಾವಣದ ಮೋಡದ ಮಾತು ಬೇರೆಯೇ. ಚಿಲಿಯ 1 ಮೀಟರ್ ಸ್ವೋಪ್ ದೂರದರ್ಶಕ ಆ ಡಿಕ್ಕಿಯಿಂದ ಹೊಮ್ಮಿದ ಬೆಳಕನ್ನು, ಅಂದರೆ ಕಿಲೋನೋವಾವನ್ನು, ಹಿಡಿದಾಗ ಅಲೆ ಬಂದು ಸುಮಾರು 11 ಗಂಟೆ ಕಳೆದಿತ್ತು.

ಹಾಗಂತ ನಮ್ಮ ಕರಾವಳಿಯಿಂದ ಸಣ್ಣ ದೂರದರ್ಶಕದಲ್ಲಿ ಇಂಥ ಬೆಳಕನ್ನು ಹುಡುಕುವುದು ಆಗದ ಕೆಲಸವಲ್ಲ. ಇದೇ ಗೆಲಾಕ್ಸಿ ನೆತ್ತಿಯ ಗೆರೆ (ಉತ್ತರ-ದಕ್ಷಿಣದ ನಡುಗೆರೆ) ದಾಟುವಾಗ ಲಡಾಖಿನ ಹಾನ್ಲೆ ವೀಕ್ಷಣಾಲಯದಲ್ಲಿ 34 ಡಿಗ್ರಿ ಎತ್ತರಕ್ಕೆ ಬಂದರೆ, ನಮ್ಮಲ್ಲಿ 52 ಡಿಗ್ರಿಗೆ ಏರುತ್ತದೆ. ದಕ್ಷಿಣದ ಆಕಾಶ ನಮಗೆ ಧಾರಾಳ.

ಹೊಸ ಅಲೆ ಸಿಕ್ಕಿತೆಂಬ ಎಚ್ಚರಿಕೆ ಸಂದೇಶ ಬಂದಾಗ ಮೊದಲು ದೂರ ನೋಡಿ. 2017ರದ್ದು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, 17ರ ಆಸುಪಾಸಿನ ಕಾಂತಿಮಾನದಲ್ಲಿತ್ತು (ಅಂಕೆ ಹೆಚ್ಚಿದಷ್ಟೂ ಬೆಳಕು ಮಸುಕು). ಅಂಥದ್ದೇ ಐದು ಪಟ್ಟು ದೂರವಿದ್ದರೆ 20.5 ದಾಟುತ್ತದೆ, 8 ಇಂಚಿನ ಕನ್ನಡಿಗೆ ಎಟುಕುವುದಿಲ್ಲ. ಸಂದೇಶದಲ್ಲಿ ಕಪ್ಪುಕುಳಿಗಳ ಜೋಡಿ ಎಂದಿದ್ದರೆ ಅಥವಾ ನಕ್ಷೆ ಸಾವಿರ ಚದರ ಡಿಗ್ರಿ ಹರಡಿದ್ದರೆ ಬಿಟ್ಟುಬಿಡಿ.

ಉಳಿದಿದ್ದಕ್ಕೆ ಬೇಕಿರುವುದು ಅದೇ ಗೆಲಾಕ್ಸಿಯ ಹಳೆಯ ಫೋಟೋ. 200 ಮಿಮೀ ಕನ್ನಡಿ, 800 ಮಿಮೀ ನಾಭಿದೂರ, 3.76 ಮೈಕ್ರಾನ್ ಪಿಕ್ಸೆಲ್ ಇದ್ದರೆ ಒಂದು ಪಿಕ್ಸೆಲ್‌ಗೆ ಸುಮಾರು ಒಂದು ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗ). 2017ರ ಆ ಹೊಸ ಚುಕ್ಕೆ ಗೆಲಾಕ್ಸಿಯ ನಡುವಿನಿಂದ ಹತ್ತೇ ಆರ್ಕ್‌ಸೆಕೆಂಡ್ ಆಚೆಗಿತ್ತು. ಅಂದರೆ ಹತ್ತು ಪಿಕ್ಸೆಲ್, ಗೆಲಾಕ್ಸಿಯ ಮಂಜು ಬೆಳಕಿನ ಒಳಗೇ. ಚಿತ್ರವನ್ನು ಬರೀ ಕಣ್ಣಲ್ಲಿ ನೋಡಿದರೆ ನಂಬಿಕೆ ಬರುವುದಿಲ್ಲ, ಕಂಪ್ಯೂಟರಿನಲ್ಲಿ ಹೊಸ ಚಿತ್ರದಿಂದ ಹಳೆಯ ಚಿತ್ರವನ್ನು ಕಳೆದಾಗಲೇ ಅದು ಒಂಟಿಯಾಗಿ ಉಳಿಯುವುದು. ಹವಾಯಿಯ ಪ್ಯಾನ್‌ಸ್ಟಾರ್ಸ್ ಆಕಾಶ ಸಮೀಕ್ಷೆಯ ಚಿತ್ರಗಳು ದಕ್ಷಿಣದ ಆಕಾಶದಲ್ಲಿ ಮೈನಸ್ 30 ಡಿಗ್ರಿ ಅಕ್ಷಾಂಶದವರೆಗೆ ಸಿಗುತ್ತವೆ. ಆದರೂ ನಿಮ್ಮದೇ ಕ್ಯಾಮೆರಾ, ನಿಮ್ಮದೇ ಫಿಲ್ಟರಿನ ಚಿತ್ರವಿದ್ದರೆ ಕಳೆತ ಎಷ್ಟೋ ಶುದ್ಧ. ಹೈಡ್ರಾ, ಕನ್ಯಾ ಕಡೆಯ ಹತ್ತಿರದ ಗೆಲಾಕ್ಸಿಗಳನ್ನು ಫೆಬ್ರವರಿಯಿಂದ ಏಪ್ರಿಲ್ ಒಳಗೆ, ತಲಾ 60 ಸೆಕೆಂಡಿನ 30 ಚಿತ್ರದಂತೆ ತೆಗೆದಿಡಿ. ಪ್ರತಿ ಕೆಲವು ಚಿತ್ರಕ್ಕೊಮ್ಮೆ ದೂರದರ್ಶಕವನ್ನು ಹತ್ತಿಪ್ಪತ್ತು ಪಿಕ್ಸೆಲ್ ಜರುಗಿಸದಿದ್ದರೆ, ಕೆಟ್ಟ ಪಿಕ್ಸೆಲ್ಲೇ ಹೊಸ ನಕ್ಷತ್ರದಂತೆ ಕಾಣುತ್ತದೆ.

ನಮ್ಮ ಕಡೆಯ ಶತ್ರು ತೇವ. ಶಿರಸಿಯ ಚಳಿಗಾಲದ ಇಬ್ಬನಿ ಮೊದಲು ಕೂರುವುದು ದೂರದರ್ಶಕದ ಬಾಯಿಯ ಹತ್ತಿರದ ಚಿಕ್ಕ ಕನ್ನಡಿಯ ಮೇಲೆ. ಅದರ ಬೆನ್ನಿಗೆ ಸಣ್ಣ ಹೀಟರ್ ಪಟ್ಟಿ ಅಂಟಿಸಿ, ಇಬ್ಬನಿ ಬೀಳುವ ಮೊದಲೇ ಹಚ್ಚಿ. ಕ್ಯಾಮೆರಾವನ್ನು ಮೈನಸ್ 10ಕ್ಕೆ ಇಳಿಸಿದಾಗ ಚಿತ್ರದ ನಡುವೆ ಮಸುಕು ಮಚ್ಚೆ ಬೆಳೆಯುತ್ತಾ ಹೋದರೆ ಒಳಗೆ ಹಿಮ ಕಟ್ಟಿದೆ ಎಂದರ್ಥ. ಒಳಗಿನ, ತೇವ ಹೀರುವ ಸಿಲಿಕಾ ಕಾಳು ಬದಲಿಸಲೇಬೇಕು. ಸಮುದ್ರದಂಚಿನಲ್ಲಿ ದಿಗಂತದಿಂದ 25 ಡಿಗ್ರಿ ಎತ್ತರಕ್ಕಿಂತ ಕೆಳಗಿನದನ್ನು ಹಿಡಿಯಲು ಹೋಗಬೇಡಿ, ಉಪ್ಪುಗಾಳಿಯ ಮಬ್ಬೇ ಬೆಳಕನ್ನು ನುಂಗುತ್ತದೆ.

ಚುಕ್ಕೆ ಸಿಕ್ಕಿದರೆ ಅರ್ಧ ಗಂಟೆ ಬಿಟ್ಟು ಮತ್ತೆ ತೆಗೆಯಿರಿ. ಜರುಗಿದ್ದರೆ ಅದು ಕ್ಷುದ್ರಗ್ರಹ. ನಿಂತಲ್ಲೇ ಇದ್ದರೆ ಗೊತ್ತಿರುವ ಸೂಪರ್‌ನೋವಾಗಳ ಪಟ್ಟಿ ನೋಡಿ. ಮರುರಾತ್ರಿ ನೀಲಿ ಬೆಳಕು ಒಂದು ಕಾಂತಿಮಾನದಷ್ಟಾದರೂ ಇಳಿದು ಬಣ್ಣ ಕೆಂಪಿಗೆ ತಿರುಗಿದ್ದರೆ, ಅದು ಕಿಲೋನೋವಾ ಇರಬಹುದು. ಏನೂ ಕಾಣದಿದ್ದರೂ ಯಾವ ಗೆಲಾಕ್ಸಿ, ಎಷ್ಟು ಹೊತ್ತಿಗೆ, ಎಷ್ಟು ಮಸುಕಿನವರೆಗೆ ನೋಡಿದಿರಿ ಎಂಬುದನ್ನು ಬರೆದು ಕಳಿಸಿ. ಆ ಜಾಗವನ್ನು ಇನ್ನೊಬ್ಬರು ಮತ್ತೆ ಹುಡುಕುವುದು ತಪ್ಪುತ್ತದೆ.